ಮೂರು ಗುಂಟೆ ಖರಾಬು

ಹುಣಸೇಕೊಪ್ಪಲು, ಹಾಸನ
೮ ಮಾರ್ಚ್ ೧೯೩೭

ಅಕ್ಕನಿಗೆ ಪರಮನ ನಮಸ್ಕಾರ.

ಇಲಿ ಬಿದ್ದಿದೆ. ನಮ್ಮ ಮನೆಯಲ್ಲೇ ಬಿದ್ದಿದೆ, ಅಡುಗೆಮನೆಯಲ್ಲಿ, ಒಲೆಯಿಂದ ಮೂರು ಮೊಳ ದೂರದಲ್ಲಿ. ನೀನು ಈ ಕಾಗದ ಓದಿಸಿಕೊಳ್ಳುವ ಹೊತ್ತಿಗೆ ಇಡೀ ಕೊಪ್ಪಲು ಬಯಲಲ್ಲಿ ಜೋಪಡಿ ಹಾಕಿಕೊಂಡಿರುತ್ತದೋ ಏನೋ. ಯಾರೂ ಇತ್ತ ಬರಬೇಡಿ.

ಈಗ ಉಸಿರು ಬಿಡು. ಬಿದ್ದದ್ದು ಅಟ್ಟದಿಂದ. ಬಿದ್ದ ಇಲಿ ನನ್ನ ಮುದ್ದೆ ತಟ್ಟೆಗೆ ಒಂದು ಸುತ್ತು ಹಾಕಿ, ನನ್ನನ್ನು ಒಂದು ಸಲ ದುರುಗುಟ್ಟಿ ನೋಡಿ, ಎದ್ದು ಓಡಿಹೋಯಿತು. ಪ್ಲೇಗೂ ಇಲ್ಲ, ಜ್ವರವೂ ಇಲ್ಲ. ಸುಳ್ಳು ಬರೆದೆ ಅನ್ನಬೇಡ, ಇಲಿ ಬಿದ್ದದ್ದು ಮಾತ್ರ ನಿಜ. ಹೀಗೆ ಶುರುಮಾಡದಿದ್ದರೆ ನಿನ್ನ ಮಗಳು ನೀಲ ನನ್ನ ಕಾಗದವನ್ನು ಗೂಡಿನಲ್ಲಿಟ್ಟು ಯುಗಾದಿ ಕಳೆದ ಮೇಲೆ ನೆನಪು ಮಾಡಿಕೊಳ್ಳುತ್ತಾಳೆ.

ನಿಜವಾದ ಸುದ್ದಿ ಇಲಿಗಿಂತ ದೊಡ್ಡದು. ಹಾಸನದ ಪೇಟೆಯಲ್ಲಿ ಇನ್ನು ಜಾಗ ಸಾಲದಂತೆ. ಪ್ಲೇಗ್ ಬಂದಾಗಲೆಲ್ಲ ಗಲ್ಲಿಗಳಲ್ಲಿ ಜನ ಒಬ್ಬರ ಹಿಂದೊಬ್ಬರು ಸಾಯುತ್ತಾರೆ, ಗಾಳಿ ಬೆಳಕು ಇರುವ ಕಡೆ ಹೊಸ ಬಡಾವಣೆ ಮಾಡಬೇಕು ಅಂತ ತೀರ್ಮಾನವಾಗಿದೆ. ಗಾಳಿ ಬೆಳಕು ಎಲ್ಲಿದೆ ಅಂತ ಹುಡುಕಿದರಂತೆ. ನಮ್ಮ ಕೊಪ್ಪಲಿನಲ್ಲಿ ಇದೆ ಅಂತ ಗೊತ್ತಾಯಿತಂತೆ. ಇಷ್ಟು ವರ್ಷ ಅದನ್ನು ಬಚ್ಚಿಟ್ಟುಕೊಂಡು ಕೂತಿದ್ದೆವಲ್ಲ, ಎಂಥ ಕಳ್ಳರು ನಾವು!

ಬಡಾವಣೆ ಅಂದರೆ ಏನು ಅಂತ ನಿನ್ನ ಹೊಲ ಉಳುವ ತಿಮ್ಮಪ್ಪ ಕೇಳಿದ. "ಬಡವರ ಎಬ್ಬಿಸ್ಬುಟ್ಟು ಬಡಾ ಸಾಯೇಬ್ರ ಕುಂಡ್ರುಸೋದು ಕಣ್ಲಾ" ಅಂದೆ. ನಮ್ಮ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬಳು ಕೊಡ ಬೀಳಿಸಿಕೊಂಡಳು. ತಿಮ್ಮಪ್ಪ ನಗಲಿಲ್ಲ.

ಹೋದ ವಾರ ಮೋಜಣಿಯವರು ಬಂದು ಎರಡು ದಿನ ಸರಪಳಿ ಎಳೆದು ಅಳೆದುಕೊಂಡು ಹೋದರು. ಅಳೆಯುವ ಮೋಜು ಅವರದು, ಹೊರಡಲು ಅಣಿಯಾಗುವುದು ನಮ್ಮದು, ಎರಡೂ ಸೇರಿ ಮೋಜಣಿ. ನಿನ್ನ ಹೊಲ ಪೂರ್ತಿ ಅವರ ಪ್ಲಾನಿಗೆ ಸೇರಿದೆ. ತಿಮ್ಮಪ್ಪನ ಕಣವೂ ಸೇರಿದೆ. ನನ್ನ ಮನೆ, ಹಿತ್ತಲು ಮಾತ್ರ ಅಂಚಿನಲ್ಲಿ ಉಳಿದುಕೊಂಡಿವೆ. ಪ್ಲಾನನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅದರಲ್ಲಿ ಕೊಪ್ಪಲಿನವರ ಪಾಲು ಅನ್ನುವುದು ಎಲ್ಲೂ ಕಾಣಲಿಲ್ಲ.

ಅಳಿಯಂದಿರಿಗೆ ಶರಣು ಹೇಳು.

ಇಲಿಗೆ ಹೆದರದ ನಿನ್ನ ತಮ್ಮ,
ಪರಮಶಿವಯ್ಯ


ಬಾಗೂರು, ಚನ್ನರಾಯಪಟ್ಟಣ ತಾಲ್ಲೂಕು
೧೯ ಮಾರ್ಚ್ ೧೯೩೭

ಮಾವನವರಿಗೆ ನೀಲಾಂಬಿಕೆಯ ನಮಸ್ಕಾರಗಳು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ನಾಜೂಕು ಮಾಡಿದರೆ ಕೈ ಮುರಿಯುತ್ತಾಳಂತೆ. ಅವಳ ಮಾತು ಇಲ್ಲಿಂದ:

ಲೋ ಪರಮ, ನಿನ್ ನಾಲ್ಗೆಗೆ ಬೆಂಕಿ ಬೀಳ. ಇಲಿ ಬಿದ್ದದೆ ಅಂದಿದ್ದೇ ತಡ, ಕುಂತಿದ್ ಮಣೆ ಬುಟ್ಟು ಎದ್ದೆ. "ಮುಂದುಕ್ ಓದ್ಬ್ಯಾಡ ಕಣವ್ವ, ಮೊದ್ಲು ಗಾಡಿ ಕಟ್ಟುಸು, ಅವನ್ನ ಕರ್ಕಂಡ್ ಬರಾನ" ಅಂದೆ. ನೀಲ ಕಾಗ್ದ ಬಿಸಾಕಿ ಅಳಿಯಂದ್ರ ಕರೆಯಕ್ಕೆ ಓಡುದ್ಲು. ಅವ್ರು ಎತ್ತು ಕಟ್ಟಿ ಗಾಡಿ ತಂದು ಬಾಗ್ಲಲ್ಲಿ ನಿಲ್ಸುದ್ಮೇಲೆ ಮಿಕ್ಕಿದ್ದ ಓದುದ್ಲು. ಅಳಿಯಂದ್ರ ಮುಂದೆ ನನ್ ಮಕ ಎಲ್ ಮಡಿಕಳ್ಳನ? ಅರವತ್ತೆರಡು ವರ್ಸ ಆಯ್ತು ನಿಂಗೆ. ಇನ್ನೂ ಎಮ್ಮೆ ಬಾಲಕ್ಕೆ ಗೆಜ್ಜೆ ಕಟ್ಟೋ ಬುದ್ಧಿ ಓಗ್ಲಿಲ್ಲ.

ಇರ್ಲಿ. ಒಲ ಓಯ್ತು ಅಂತೀಯ. ಓಗ್ಲಿ, ಇಲ್ಲಿ ಅಳಿಯಂದ್ರು ಎರಡೊತ್ತು ಅನ್ನ ಆಕ್ತಾವ್ರೆ. ಊರ್ದೆಲ್ಲಾ ಬರ್ದೆ, ತಿಮ್ಮಪ್ಪನ ಕಣದ್ದೂ ಬರ್ದೆ. ನಿಮ್ ಭಾವನ್ ವಿಸ್ಯ ಯಾಕ್ ಬರೀಲಿಲ್ಲ? ಒಲದ ಪಡುವ್ಲ ತುದೀಲಿ, ನೀನ್ ಇತ್ಲ ಬಾಗ್ಲು ತಗದ್ರೆ ಎದುರ್ಗೇ ಅವ್ರೆ. ಅವರ ಸಮಾದಿ ಮಾಡಿ ನಾಕ್ ವರ್ಸ ಆಯ್ತು. ನಾನು ಬಾಗೂರ್ಗೆ ಬರೋ ದಿನ ನಿಂಗ್ ಏನ್ ಏಳ್ ಬಂದೆ? ಅವರ ಎಡಗಡೆ ನಂಗೊಂದೀಟು ಜಾಗ ಮಡಗು ಅಂತ ಏಳ್ ಬಂದೆ. ನಲವತ್ತಾರು ವರ್ಸ ಬಾಳಿದೀನಿ ಆ ಮನ್ಸನ್ ಜೊತೆ. ಅಲ್ಲೇ ಮಣ್ಣಾಗ್ಬೇಕು. ಅದೊಂದೇ ನಂಗ್ ಉಳ್ದಿರೋದು, ಬ್ಯಾರೆ ಏನೂ ಬ್ಯಾಡ.

ಇಲಿ ಕಥೆ ಬುಟ್ಟು ಇದುಕ್ ಉತ್ರ ಬರಿ.

ಗುರುಸಿದ್ದಮ್ಮ
(ಅಮ್ಮನ ಹೆಬ್ಬೆಟ್ಟು ಇದು. ಬೇಡ ಅಂದರೂ ಒತ್ತಿದಳು. —ನೀಲ)


ಹುಣಸೇಕೊಪ್ಪಲು
೪ ಏಪ್ರಿಲ್ ೧೯೩೭

ಅಕ್ಕನಿಗೆ,

ಗಾಡಿ ಕಟ್ಟಿಸಿದ್ದು ಕೇಳಿ ನಕ್ಕೂ ಬಿಟ್ಟೆ, ನಾಚಿಕೆಯೂ ಆಯಿತು. ಅಳಿಯಂದಿರ ಎತ್ತುಗಳ ಹತ್ತಿರ ನನ್ನ ಪರವಾಗಿ ತಪ್ಪಾಯಿತು ಅನ್ನು.

ಭಾವನ ವಿಷಯ ನನಗೆ ಮರೆತಿರುತ್ತದೆಯೇ? ಆ ಮನುಷ್ಯ ಬದುಕಿದ್ದಷ್ಟು ಕಾಲವೂ ನನ್ನ ಒಂದೇ ಒಂದು ಮಾತಿಗೂ ನಕ್ಕವನಲ್ಲ. ನಿನ್ನ ಮದುವೆಯ ದಿನ ನಾನು ಅವನ ಪೇಟದಲ್ಲಿ ಜೀರುಂಡೆ ಬಿಟ್ಟೆ. ಧಾರೆ ಮುಗಿಯುವವರೆಗೂ ಅದು ಗುಂಯ್ ಅನ್ನುತ್ತಲೇ ಇತ್ತು, ಅವನು ಕಣ್ಣು ಮಿಟುಕಿಸಲಿಲ್ಲ. ಊಟಕ್ಕೆ ಕೂತಾಗ ಪೇಟ ತೆಗೆದು, ಜೀರುಂಡೆಯನ್ನು ನನ್ನ ಎಲೆಯ ಪಕ್ಕ ಇಟ್ಟು, "ನಿಂದು, ಮಡಿಕೊ" ಅಂದ. ಚಂದ್ರಶೇಖರಯ್ಯ ಅನ್ನುವವನು ಅಂಥವನು. ಅಂಥವನನ್ನು ಯಾವ ಮೋಜಣಿಯವನು ಅಲ್ಲಾಡಿಸುತ್ತಾನೆ?

ಆದರೂ ನೀನು ಬರೆದೆ ಅಂತ ಕಚೇರಿಗೆ ಹೋಗಿದ್ದೆ. ಗುಮಾಸ್ತೆ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. ನಿನ್ನ ಹೊಲದ ಪಡುವಲ ತುದಿಗೆ "ಮೂರು ಗುಂಟೆ ಖರಾಬು" ಅಂತ ಬರೆದಿದೆ. ನಾವು ಖರಾಬು ಅಂದರೆ ಕೆಟ್ಟದ್ದು ಅನ್ನುತ್ತೇವೆ. ಸರ್ಕಾರದ ಬಾಯಲ್ಲಿ ಖರಾಬು ಅಂದರೆ ಉಳಲಾಗದ್ದು, ಬೆಳೆಯಲಾಗದ್ದು, ಯಾರ ಹೆಸರಿಗೂ ಸೇರದ್ದು.

"ಅಲ್ಲಿ ಸಮಾಧಿ ಇದೆಯಲ್ಲ ಸ್ವಾಮಿ" ಅಂದೆ.

"ಸಮಾಧಿ ಅಂತ ಬರೆದಿದ್ದರೆ ಸಮಾಧಿ. ಖರಾಬು ಅಂತ ಬರೆದಿದೆ, ಖರಾಬು" ಅಂದ.

"ಯಾರು ಬರೆದರು?"

"ಸ್ಥಳದಲ್ಲಿ ಯಾರೋ ಹೇಳಿರುತ್ತಾರೆ, ಬರೆದುಕೊಂಡಿರುತ್ತಾರೆ."

ನೋಡು, ಹೀಗಿದೆ. ಒಂದು ಅರ್ಜಿ ಬರೆಯುತ್ತೇನೆ. ಅರ್ಜಿ ನಮ್ಮದು, ಮರ್ಜಿ ಅವರದು. ನೀನು ಚಿಂತೆ ಮಾಡಬೇಡ.

ನಿನ್ನ ತಮ್ಮ,
ಪರಮ


ಬಾಗೂರು
೧೨ ಡಿಸೆಂಬರ್ ೧೯೩೭

(ಅಮ್ಮ ಹೇಳಿದಂತೆ. —ನೀಲ)

ಪರಮ, ಹಟ್ಟಿ ಮೆಟ್ಲಲ್ಲಿ ಜಾರಿ ಕಾಲ್ ಮುರ್ಕಂಡಿದೀನಿ. ಸೊಂಟದಿಂದ ಕೆಳಿಕ್ಕೆ ಬಿದಿರು ಕಟ್ಟವ್ರೆ, ಏಳಂಗಿಲ್ಲ. ಈ ಪುಷ್ಯದಲ್ಲಿ ಅವರ ವರ್ಸದ್ ಪೂಜೆಗೆ ಬರಕ್ಕಾಗಲ್ಲ. ನೀನೇ ಮಾಡು. ಜಂಗಮರ್ನ ಕರಿ. ಬಿಲ್ಪತ್ರೆ ಕೊಳದ್ ಪಕ್ಕದ್ದೇ ಆಗ್ಬೇಕು, ಪ್ಯಾಟೇದು ತರ್ಬ್ಯಾಡ. ಪಾಯ್ಸಕ್ಕೆ ಬೆಲ್ಲ ಸ್ವಲ್ಪ ಜಾಸ್ತಿ ಆಕು, ಅವ್ರಿಗೆ ಅಂಗೇ ಇಷ್ಟ.

ಅರ್ಜಿ ಕೊಟ್ಯಾ? ಎಂಟು ತಿಂಗ್ಳಾಯ್ತು, ಅದ್ರ ಸುದ್ದಿ ಇಲ್ಲ. ಇನ್ನೊಂದ್ ಮಾಡು. ಸಮಾದಿಗೆ ಸುಣ್ಣ ಒಡಿ. ಉಲ್ಲು ಬೆಳ್ಕಂಡಿರ್ತದೆ, ಎಲ್ಲಾ ಕಿತ್ತಾಕಿ, ನೆಲದ್ ಮಟ್ಟದ್ ಚಪ್ಪಡಿಗೆ ಬೆಳ್ಳಗೆ ಸುಣ್ಣ ಒಡಿ. ದೂರದಿಂದ ಕಾಣ್ಬೇಕು. ಕಾಗದದಲ್ಲಿ ಏನಾರ ಬರ್ಕಳ್ಲಿ, ಕಣ್ಗೆ ಕಾಣೋ ಸಮಾದಿ ಮೇಲೆ ಯಾವ್ ತಾಯಿ ಮಗ ಗುದ್ಲಿ ಆಕ್ತಾನೆ? ಎರಡ್ ಗಂಟೆ ಕೆಲಸ ಪರಮ. ನಿನ್ ಇತ್ಲಿಂದ ನಾಕೆಜ್ಜೆ.

ಗುರುಸಿದ್ದಮ್ಮ


ಎರಡನೇ ಅಡ್ಡರಸ್ತೆ, ಹೊಸ ಬಡಾವಣೆ, ಹಾಸನ
೨೩ ಅಕ್ಟೋಬರ್ ೧೯೩೮

ಅಕ್ಕನಿಗೆ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕಾಲು ಕೂಡಿಕೊಂಡು ಕೋಲು ಹಿಡಿದು ಓಡಾಡುತ್ತೀಯ ಅಂತ ನೀಲ ಬರೆದಿದ್ದಳು, ಸಂತೋಷ.

ಮೇಲಿನ ವಿಳಾಸ ನೋಡಿ ಯಾರ ಮನೆ ಅಂದುಕೊಂಡೆಯೋ? ನನ್ನದೇ. ಹುಣಸೇಕೊಪ್ಪಲು ಅಂತ ಬರೆದರೆ ಅಂಚೆಯವನು ಮುಖ ಸಿಂಡರಿಸುತ್ತಾನೆ. ಹುಟ್ಟಿದಾಗಿನಿಂದ ಅಡ್ಡಾಡಿದ ಊರು ಈಗ ಅಡ್ಡರಸ್ತೆ. ಉದ್ದರಸ್ತೆ ಯಾರದು ಅಂದೆಯಾ? ಅರಕಲಗೂಡಿನ ಒಬ್ಬ ವಕೀಲರದು, ಹೊಳೆನರಸೀಪುರದ ಡಾಕ್ಟರದು, ಇನ್ನೂ ಹೆಸರು ಬಾಯಿಗೆ ಬಾರದ ಎಷ್ಟೋ ಜನರದು. ಸೈಟು ಸಿಕ್ಕವರೆಲ್ಲ ಸೈ, ಸಿಗದವರಿಗೆ ಸಿಟ್ಟು. ಕೊಪ್ಪಲಿನವರಿಗೆ ಎರಡೂ ಇಲ್ಲ, ಅವರು ಕೆರೆ ಹಿಂದಿನ ಬೋರೆಗೆ, ಆ ಬರಡು ದಿಬ್ಬಕ್ಕೆ ಹೋದರು. ಹೋಗುವ ದಿನ ಹೆಂಗಸರು ಒಲೆಯ ಕಲ್ಲುಗಳನ್ನೂ ಎತ್ತಿಕೊಂಡು ಹೋದರು.

ತಿಮ್ಮಪ್ಪನ ಕಣದಲ್ಲಿ ಈಗ ಸಾಹೇಬರು ಸಂಜೆ ಬಲೆ ಕಟ್ಟಿ ಚೆಂಡು ಆಡುತ್ತಾರೆ. ಅವನ ಅಜ್ಜನ ಕಾಲದಿಂದ ಸಗಣಿ ಸಾರಿಸಿ, ರಾಗಿ ತುಳಿಸಿ ಗಟ್ಟಿಯಾದ ನೆಲವಲ್ಲವೇ, ಚೆಂಡು ಬಹಳ ಚೆನ್ನಾಗಿ ಪುಟಿಯುತ್ತದಂತೆ. ತಿಮ್ಮಪ್ಪ ಅದೇ ವಕೀಲರ ಕಾಂಪೌಂಡಿನಲ್ಲಿ ಗಿಡಕ್ಕೆ ನೀರು ಹಾಕುತ್ತಾನೆ. ಮೊನ್ನೆ ಗೋಡೆಯ ಮೇಲಿಂದ ಇಣುಕಿ ಕೇಳಿದೆ.

"ಏನ್ಲಾ ತಿಮ್ಮ, ಏನ್ ಬೆಳೆ ಆಕಿದೀಯ?"

"ಊವ ಕಣಯ್ಯ."

"ಮಾರಕ್ಕಾ?"

"ನೋಡಕ್ಕೆ."

"ನೋಡಿ?"

"ಆಮೇಲೆ ಉದುರ್ತದೆ ಕಣಯ್ಯ, ಗುಡಿಸ್ತೀನಿ."

ಡಾಕ್ಟರ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡಲು ರುದ್ರಪಟ್ಟಣದಿಂದ ಒಬ್ಬರು ಬರುತ್ತಾರೆ. ಬೆಳಗಾದರೆ ಸರಿಗಮ. ನಮ್ಮ ಎಮ್ಮೆಗೂ ಬಾಯಿಪಾಠ ಆಗಿತ್ತು. ವಾಸನೆ ಅಂತ ಯಾರೋ ಅರ್ಜಿ ಕೊಟ್ಟರು, ಎಮ್ಮೆಯನ್ನು ಹಳ್ಳಿಮೈಸೂರಿಗೆ ಮಾರಿದೆ. ಪಂಚಮದವರೆಗೆ ಬಂದಿತ್ತು, ಪಾಪ.

ನಲ್ಲಿಯೂ ಬಂತು. ನಲ್ಲಿ ಬಂತು, ನಲ್ಲೆಯರು ಬರುವುದು ನಿಂತಿತು. ಬೆಳಗ್ಗೆ ಎದ್ದರೆ ಹಿತ್ತಲಿನಲ್ಲಿ ಇಪ್ಪತ್ತು ಕೊಡದ ಸದ್ದು ಕೇಳುತ್ತಿತ್ತಲ್ಲ, ಈಗ ಒಂದು ಕಾಗೆ ಬಂದು ರಾಟೆಯ ಮೇಲೆ ಕೂರುತ್ತದೆ. ಅದಕ್ಕೆ ಎರಡು ಹಾಸ್ಯ ಹೇಳಿ ನೋಡಿದೆ. ಹಾರಿಹೋಯಿತು.

ಪೂಜೆ ಹೋದ ಪುಷ್ಯದಲ್ಲಿ ಆಯಿತು. ಸುಣ್ಣ ಆಗಲಿಲ್ಲ. ಮೊದಲು ಸುಣ್ಣ ಸಿಗಲಿಲ್ಲ, ಎಲ್ಲವನ್ನೂ ಬಡಾವಣೆಯವರೇ ಕೊಂಡುಬಿಟ್ಟರು. ಆಮೇಲೆ ಮಳೆ ಹಿಡಿಯಿತು. ಅರ್ಜಿ ಬರೆದಿಟ್ಟಿದ್ದೇನೆ. ಆ ಕಡೆಗೆ ರಸ್ತೆ ಬರಬಹುದು ಅಂತ ಜನ ಮಾತಾಡುತ್ತಾರೆ, ಜನ ಏನು ಬೇಕಾದರೂ ಮಾತಾಡುತ್ತಾರೆ.

ಕಾಲು ಜೋಪಾನ. ಈ ಚಳಿಯಲ್ಲಿ ಪ್ರಯಾಣ ಬೇಡ.

ಕಾಗೆಯನ್ನೂ ನಗಿಸಲಾಗದ ನಿನ್ನ ತಮ್ಮ,
ಪರಮಶಿವಯ್ಯ


ಬಾಗೂರು
೧೭ ಜನವರಿ ೧೯೩೯

ಮಾವನವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ಇದನ್ನು ಅಮ್ಮ ಬರೆಸುತ್ತಿಲ್ಲ, ನಾನೇ ಬರೆಯುತ್ತಿದ್ದೇನೆ. ಹೋದ ಸೋಮವಾರ ನಾವು ಹಾಸನಕ್ಕೆ ಬಂದಿದ್ದೆವು. ನಿಮಗೆ ತಿಳಿಸಬೇಡ ಅಂದಿದ್ದಳು.

ಅಪ್ಪನ ಪೂಜೆಗೆ ಬಂದೇ ಬರುತ್ತೇನೆ ಅಂತ ಹಟ ಹಿಡಿದಳು. ಚನ್ನರಾಯಪಟ್ಟಣದಲ್ಲಿ ಮೋಟಾರು ಹತ್ತುವ ಕಡೆ ನಮ್ಮೂರಿನ ಬೋರಪ್ಪ ಸಿಕ್ಕಿದ. ಮೋಜಣಿಯವರ ಜೊತೆ ಸರಪಳಿ ಹಿಡಿಯುವ ಕೆಲಸ ಅವನದು. ಎಲ್ಲಿಗೆ ಅಂತ ಕೇಳಿದ. ಅಮ್ಮ ಹೇಳಿದಳು. ಅವನು ತಲೆ ತಗ್ಗಿಸಿದ.

"ಅಮ್ಮಾ, ಆವತ್ತು ಅಲ್ಲಿ ಸರಪಣಿ ಇಡ್ಕಂಡಿದ್ದವ್ನು ನಾನೇಯ. ಇದೇನ್ ಜಾಗ ಅಂತ ಸಾಯೇಬ್ರು ಕೇಳುದ್ರು. ನಿಮ್ ತಮ್ಮನೋರು 'ಖರಾಬು' ಅಂದ್ರು. ನನ್ ಕಿವೀಲಿ ಕೇಳಿವ್ನಿ. ಆಮೇಕೆ ನಾನು ತುದಿ ಎಳ್ಕಂಡು ಆಚೆಗೋದೆ, ಮುಂದಿಂದು ಗೊತ್ತಿಲ್ಲ. ನಮ್ ಒಟ್ಟೆಪಾಡು, ನಾವ್ ಯಾರ್ಗ್ ಏಳನ?"

ಅಮ್ಮ ಕೋಲೂರಿಕೊಂಡು ಮೋಟಾರು ಹತ್ತಿದಳು.

ಅಪ್ಪನ ಸಮಾಧಿ ಇದ್ದ ಕಡೆ ಜಲ್ಲಿ ಹಾಕಿ ಗುಂಡು ಎಳೆದ ರಸ್ತೆ ಇದೆ, ಮಾವ. ಎಲ್ಲಿ ಅಂತ ಗುರುತು ಹಿಡಿಯುವುದಕ್ಕೇ ಆಗಲಿಲ್ಲ. ಅಮ್ಮ ನಿಮ್ಮ ಹಿತ್ತಲ ಬಾಗಿಲಿನ ನೇರಕ್ಕೆ ನಿಂತು, ಕೋಲು ಊರಿಕೊಂಡು ಹೆಜ್ಜೆ ಎಣಿಸಿ ನಡೆದು, ರಸ್ತೆಯ ನಡುವೆ ಒಂದು ಕಡೆ ಕೂತಳು. ಜಲ್ಲಿಯ ಮೇಲೆ ವಿಭೂತಿ ಇಟ್ಟು, ಪತ್ರೆ ಇಟ್ಟು, ಎಡೆ ಇಡುವಷ್ಟರಲ್ಲಿ ಒಂದು ಜಟಕಾ ಬಂತು. "ದಾರಿ ಬುಡಮ್ಮೋ, ರಸ್ತೇಲಿ ಯಾಕ್ ಕುಂತಿದೀಯ?" ಅಂತ ಜಟಕಾದವನು ಕೂಗಿದ. ಅಮ್ಮ ಎದ್ದಳು. ಚಕ್ರ ಹೋದ ಮೇಲೆ ಮತ್ತೆ ಕೂರಲಿಲ್ಲ.

ಸಮಾಧಿಯ ಮೇಲಿದ್ದ ಚಪ್ಪಡಿ ವಕೀಲರ ಮನೆಯ ಹಿಂದೆ ಇದೆ. ಲಿಂಗ ಕೆತ್ತಿದ ಮುಖ ಕೆಳಗೆ. ಮೂಲೆ ಒಡೆದಿದ್ದರಿಂದ ಅಮ್ಮನಿಗೆ ಗುರುತು ಸಿಕ್ಕಿತು. ಒಬ್ಬ ಹೆಂಗಸು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. "ಈ ಕಲ್ಲು ಎಲ್ಲಿಂದ್ ತಂದ್ರವ್ವ?" ಅಂತ ಅಮ್ಮ ಕೇಳಿದಳು. "ಇಲ್ಲೇ ಬಿದ್ದಿತ್ತಂತೆ ಕಣಮ್ಮ. ಇದು ಮೊದ್ಲಿಂದ್ಲೂ ಒಗೆಯೋ ಕಲ್ಲೇ ಅಂತೆ" ಅಂದಳು ಅವಳು.

ನೀವು ಬಾವಿ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದಿರಿ. ಬೆನ್ನು ನಮ್ಮ ಕಡೆಗಿತ್ತು. ಕರೆಯಲೇ ಅಂದೆ. ಬೇಡ ಅಂದಳು.

ಮನೆಗೆ ಬಂದಾಗಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ಒಂದೇ ಮಾತು: "ಅವನು ಯಾಕ್ ಅಂಗಂದ?" ನೀವೇ ಹೇಳಬೇಕು.

ನೀಲಾಂಬಿಕೆ


ಹಾಸನ
೨೧ ಜನವರಿ ೧೯೩೯

ಅಕ್ಕನಿಗೆ,

ಬೋರಪ್ಪ ಹೇಳಿದ್ದು ನಿಜ. ಖರಾಬು ಅಂದವನು ನಾನೇ.

ಆವತ್ತು ಬಿಸಿಲು. ಮೋಜಣಿದಾರ ಬೆಂಗಳೂರು ಕಡೆಯ ಹುಡುಗು ಮನುಷ್ಯ, ತಲೆಯ ಮೇಲೆ ಟೋಪಿ. ನನ್ನ ಮಾತಿಗೆಲ್ಲ ನಗುತ್ತಿದ್ದ. "ಇದೇನು ಜಾಗ" ಅಂದಾಗ ನನ್ನ ಬಾಯಿಗೆ ಬಂತು, "ಖರಾಬು ಸಾ, ಬಲೇ ಖರಾಬು. ಇಲ್ಲೊಬ್ಬ ಮಲಗವ್ನೆ, ಜೀವಮಾನದಲ್ಲಿ ನನ್ನ ಮಾತಿಗೆ ನಕ್ಕೋನಲ್ಲ." ಬದುಕಿದ್ದಾಗಲೂ ನಾನು ಭಾವನನ್ನು ಹಾಗೇ ಕರೆಯುತ್ತಿದ್ದೆನಲ್ಲ, "ನಮ್ಮ ಖರಾಬು ಭಾವ ಬಂದ" ಅಂತ? ನೀನೇ ನಗುತ್ತಿದ್ದೆ. ಆ ಹುಡುಗ ಮೊದಲ ಮಾತನ್ನು ಬರೆದುಕೊಂಡ, ಮಿಕ್ಕಿದ್ದನ್ನು ಬಿಟ್ಟ. ಮೋಜಣಿಯಲ್ಲಿ ಮೋಜು ಮಾಡಲು ಹೋದೆ. ಅವರ ಖರಾಬು ಬೇರೆ, ನಮ್ಮ ಖರಾಬು ಬೇರೆ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಇದನ್ನು ಮೊದಲೇ ಹೇಳಬೇಕಾಗಿತ್ತು. ಹೇಳಲು ಮುಖ ಇರಲಿಲ್ಲ.

ವಕೀಲರಿಗೆ ಬೇರೆ ಚಪ್ಪಡಿ ಕೊಟ್ಟು ಕಲ್ಲನ್ನು ನಿನ್ನೆ ಮನೆಗೆ ತಂದಿದ್ದೇನೆ. ತಿಮ್ಮಪ್ಪನೂ ನಾನೂ ಎತ್ತಿಕೊಂಡು ಬಂದೆವು. ಅವನು ದಾರಿಯಲ್ಲಿ ಒಂದೇ ಮಾತು ಕೇಳಿದ, "ಮಣ್ಣು ತರಕ್ಕಾಗಲ್ವಾ ಅಯ್ಯಾ?" ಕಲ್ಲು ಹಿತ್ತಲಿನಲ್ಲಿದೆ. ಸೋಪಿನ ಜಿಡ್ಡು ತೊಳೆದೆ. ಲಿಂಗ ಸವೆದಿಲ್ಲ.

ತಪ್ಪಾಯಿತು ಅಕ್ಕ. ಹಾಸ್ಯ ಮಾಡಲು ಹೋಗಿ ಆದ ತಪ್ಪು. ಬಂದು ಎರಡು ಬಾರಿಸು.

ಪರಮ


ಬಾಗೂರು
೧೧ ಆಗಸ್ಟ್ ೧೯೪೦

(ಅಮ್ಮ ಹೇಳಿದಂತೆ. ಮಾತಿನ ನಡುವೆ ಬಹಳ ಹೊತ್ತು ನಿಲ್ಲಿಸುತ್ತಿದ್ದಾಳೆ. ಡಾಕ್ಟರು ಇನ್ನು ಔಷಧಿ ಬೇಡ, ಕೇಳಿದ್ದನ್ನು ಕೊಡಿ ಅಂದಿದ್ದಾರೆ. —ನೀಲ)

ಲೋ ಪರಮ,

ಒಂದೂವರೆ ವರ್ಸ ನಿಂಗೆ ಕಾಗ್ದ ಬರೆಸ್ಲಿಲ್ಲ. ನೀನ್ ಬರ್ದಿದ್ದ ಐದು ಕಾಗ್ದವೂ ಓದುಸ್ಲಿಲ್ಲ, ಬೆಲ್ಲದ್ ಗಡಿಗೆ ಕೆಳಗವೆ. ಮೊದ್ಲನೇದು ಮಾತ್ರ, ತಮಾಸೆಗೆ ಅಂದೆ ಅಂತ ಬರ್ದಿದ್ಯಲ್ಲ, ಅದ್ನ ನೀಲನ್ ಕೈಲಿ ಎಷ್ಟ್ ಸಲ ಓದ್ಸಿದೀನೋ ಲೆಕ್ಕ ಇಲ್ಲ.

ಮೊದ್ಲು ಓದ್ದಾಗ ನಿನ್ ಕುತ್ಗೆ ಇಸುಕ್ಬೇಕು ಅನ್ನುಸ್ತು. ಆಮೇಲಾಮೇಲೆ ನೀನ್ ಉಟ್ಟಿದ್ದೇ ಅಂಗೆ ಅನ್ನುಸ್ತು. ಅವ್ವ ಸತ್ತಾಗ ನಿಂಗೆ ಆರು ವರ್ಸ. ಜನ ಎಲ್ಲಾ ಅಳೋವಾಗ ನೀನು ಮೂಲೇಲಿ ಕುಂತು ಮೂತಿ ಸೊಟ್ಟ ಮಾಡ್ತಿದ್ದೆ. ಯಾಕ್ಲಾ ಅಂದೆ. "ಅವ್ವ ನಗ್ತಾಳೇನೋ ನೋಡ್ತಿವ್ನಿ" ಅಂದೆ. ಆವತ್ತು ನಿನ್ನ ಸೊಂಟುಕ್ ಎತ್ಕಂಡಿದ್ದು, ಇವತ್ಗೂ ಇಳಿಸಕ್ಕಾಗಿಲ್ಲ.

ಕೆಟ್ ಮನಸ್ಸಿಂದ ಅಂದಿದ್ರೆ ನಾನ್ ಸತ್ರೂ ಕ್ಷಮಿಸ್ತಿರ್ಲಿಲ್ಲ. ತಮಾಸೆಗೆ ಅಂದಿದೀಯ. ಬುದ್ದಿ ಇಲ್ದೋನು ಅಂದ್ಕಂಡು ಬುಟ್ಟಿದೀನಿ. ಮನಸ್ನಲ್ಲಿ ಏನೂ ಮಡಿಕಂಡಿಲ್ಲ ಕಣಪ್ಪ.

ನಂಗೆ ಇಲ್ಲೇ ಅಳಿಯಂದ್ರ ತ್ವಾಟದ ಬದೀಲಿ ಜಾಗ ನೋಡವ್ರೆ. ಒಬ್ಳೇ. ಆಗ್ಲಿ. ನೀನ್ ಬಾ. ಮೊದ್ಲ ಇಡಿ ಮಣ್ಣು ನೀನೇ ಆಕ್ಬೇಕು, ತೌರ್ಮನೆಯೋನು ನೀನೊಬ್ನೇ ಇರೋದು. ಬರೋವಾಗ ಒಂದ್ ಬುಟ್ಟಿ ಆ ರಸ್ತೆ ಪಕ್ಕದ್ ಮಣ್ಣು ತಗಂಡ್ ಬಾ.

ಗುರುಸಿದ್ದಮ್ಮ


ಹಾಸನ
೧೫ ಆಗಸ್ಟ್ ೧೯೪೦

ನೀಲಾ, ಇದನ್ನು ಅಮ್ಮನಿಗೆ ಒಂದೂ ಮಾತು ಬಿಡದೆ ಓದು. ನಡುವೆ ನಿಲ್ಲಿಸು ಅಂದರೂ ನಿಲ್ಲಿಸಬೇಡ. ಓದಿದ ಮೇಲೆ ನಾನು ಬರಬೇಕೋ ಬೇಡವೋ ಅವಳನ್ನೇ ಕೇಳಿ ಒಂದು ಕಾರ್ಡು ಹಾಕು. ಮಣ್ಣು ಬುಟ್ಟಿಗೆ ತುಂಬಿಸಿ ಇಟ್ಟಿದ್ದೇನೆ. ನಾನಲ್ಲದಿದ್ದರೆ ತಿಮ್ಮಪ್ಪ ತರುತ್ತಾನೆ.

ಅಕ್ಕಾ,

ನೀನು ಮನ್ನಿಸಿದ್ದು ತಮಾಷೆಯನ್ನು. ಆವತ್ತು ತಮಾಷೆ ನಡೆದಿರಲಿಲ್ಲ.

ಮೋಜಣಿದಾರ ನಗುತ್ತಿದ್ದ ಅಂತ ಬರೆದಿದ್ದೆ, ಸುಳ್ಳು. ಅವನು ನಗುವ ಮನುಷ್ಯನೇ ಅಲ್ಲ. ಪೆನ್ಸಿಲ್ ಹಿಡಿದು ತುಂಬ ಮರ್ಯಾದೆಯಿಂದ ಕೇಳಿದ. "ಯಜಮಾನರೇ, ರಸ್ತೆ ನೇರವಾಗಿ ಇಲ್ಲಿಗೇ ಬರುತ್ತದೆ. ಗೋರಿ, ಗುಡಿ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ. ಅದರ ಮೇಲೆ ನಾವು ಎಳೆಯುವುದಿಲ್ಲ, ಪಡುವಲಿಗೆ ತಿರುಗಿಸಿಕೊಳ್ಳುತ್ತೇವೆ." ಪಡುವಲಿಗೆ ಏನಿದೆ ಅಂತ ನಾನು ಕೇಳಬೇಕಾಗಿರಲಿಲ್ಲ. ಅವನೇ ಕೈ ತೋರಿಸಿ, "ಆ ಬಾವಿ ಮುಚ್ಚಬೇಕಾಗುತ್ತದೆ, ಅಷ್ಟೇ. ಯಾರದು ಅದು?" ಅಂದ.

ಭಾವ, ಬಾವಿ. ಇಷ್ಟು ಹತ್ತಿರದ ಎರಡು ಮಾತು ಕೈಗೆ ಸಿಕ್ಕರೆ ನಾನು ಬಿಡುವವನೇ? ಮೂರೂವರೆ ವರ್ಷದಿಂದ ನಿನಗೆ ಇಷ್ಟೊಂದು ಕಾಗದ ಬರೆದೆ, ಸಿಕ್ಕ ಸಿಕ್ಕ ಮಾತನ್ನೆಲ್ಲ ತಿರುಚಿದೆ, ಈ ಎರಡನ್ನು ಮಾತ್ರ ಒಂದು ಸಲವೂ ಜೊತೆಗೆ ಇಡಲಿಲ್ಲ. ಹೆದರಿಕೆ ಇತ್ತು.

ಅಪ್ಪ ತೋಡಿಸಿದ ಬಾವಿ, ಸಿಹಿ ನೀರು, ಅದಕ್ಕೋಸ್ಕರ ಅಂತ ಹೇಳಿಕೊಂಡು ನೋಡಿದೆ. ಅದೂ ಅಲ್ಲ. ಬೆಳಗಾದರೆ ಆ ಕಟ್ಟೆಯ ಮೇಲೆ ನಾನು ಕೂರುತ್ತಿದ್ದೆ, ಇಡೀ ಕೊಪ್ಪಲು ಅಲ್ಲಿಗೆ ಬಂದು ಹಗ್ಗ ಇಳಿಬಿಟ್ಟುಕೊಂಡು ನನ್ನ ಮಾತು ಕೇಳುತ್ತಿತ್ತು. ವಯಸ್ಸಾಯಿತು ಅಂತ ನನ್ನ ಅಂಗಡಿ ಮುಚ್ಚಿದ ಮೇಲೆ ನನಗೆ ಬೇರೆ ಯಾವ ಕೆಲಸವಿತ್ತು? ಬಾವಿ ಹೋದರೆ ಯಾರು ಬರುತ್ತಾರೆ ಅಂತ ಅನ್ನಿಸಿತು. ಬಾವಿ ಉಳಿಯಿತು, ಜನ ಹೋದರು. ಅದು ಬೇರೆ ಮಾತು. ಅದನ್ನು ನನಗೆ ಶಿಕ್ಷೆ ಅಂತ ತಿಳಿದು ನೀನು ಸಮಾಧಾನ ಮಾಡಿಕೊಳ್ಳಬೇಡ.

ಅರ್ಜಿ ಬರೆಯಲೇ ಇಲ್ಲ. ಸುಣ್ಣ ಮನೆಯಲ್ಲೇ ಇತ್ತು. ನಿನ್ನ ಕಾಲು ಮುರಿದ ವರ್ಷದ ಪೂಜೆ ಮಾಡಿದ್ದು ನಿಜ, ಕತ್ತಲಾದ ಮೇಲೆ ಮಾಡಿದೆ, ಯಾರೂ ನೋಡಬಾರದು ಅಂತ.

ಇನ್ನು ಬೋರಪ್ಪನಿಗೆ ಕೇಳಿಸದೇ ಹೋದದ್ದು. "ಖರಾಬು" ಅಂತ ನಾನು ಹೇಳಿದ ಮೇಲೆ ಬೋರಪ್ಪ ಸರಪಳಿ ಎಳೆದುಕೊಂಡು ಆಚೆಗೆ ಹೋದ. ಮೋಜಣಿದಾರ ಹೊರಡಲಿಲ್ಲ. ಬೂಟಿನ ತುದಿಯಿಂದ ಹುಲ್ಲು ಸರಿಸಿದ. ಚಪ್ಪಡಿಯ ಅಂಚು ಕಂಡಿತು.

"ಇದೇನು ಯಜಮಾನರೇ, ಕಲ್ಲು?"

ಲಿಂಗ ಕೆತ್ತಿದ ಕಡೆ ಇನ್ನೂ ಹುಲ್ಲಿನಲ್ಲಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋಗಿ ಅದರ ಮೇಲೆ ನಿಂತುಕೊಂಡೆ. ಚಪ್ಪಲಿ ಹಾಕಿಕೊಂಡಿದ್ದೆ. ಹಾಗೇ ನಿಂತು, "ಒಗೆಯೋ ಕಲ್ಲು ಸಾ" ಅಂದೆ. ಅವನು ಬರೆದುಕೊಂಡು ಹೋಗುವವರೆಗೂ ಕಾಲು ತೆಗೆಯಲಿಲ್ಲ.

ಪರಮಶಿವಯ್ಯ